ಹೊಲಿಗೆಯಿಲ್ಲದ ಬಟ್ಟೆಯ ತೋರಣ

ಹೊಲಿಗೆಯಿಲ್ಲದ ಬಟ್ಟೆಯ ತೋರಣವು ಹಬ್ಬ, ಜಾತ್ರೆ, ಮದುವೆ ಮತ್ತು ರಾಜ್ಯೋತ್ಸವದಂತಹ ಸಂದರ್ಭಗಳ ಅಲಂಕಾರಕ್ಕಾಗಿ ಬಟ್ಟೆಯ ತುಂಡುಗಳನ್ನು ದಾರಕ್ಕೆ ಗಂಟು ಹಾಕಿ ಅಥವಾ ಅಂಟಿಸಿ ಸಿದ್ಧಪಡಿಸುವ ಪತಾಕೆಗಳ ಸಾಲು. ಆಡುಮಾತಿನಲ್ಲಿ ಇದಕ್ಕೆ ಬಂಟಿಂಗ್ಸ್ ಎಂಬ ಹೆಸರೂ ಇದೆ. ಮಾವಿನೆಲೆಯ ತೋರಣವನ್ನು ಮುಖ್ಯವಾಗಿ ಬಾಗಿಲಿಗೆ ಕಟ್ಟಿದರೆ, ಇದನ್ನು ಬೀದಿಗೆ ಅಡ್ಡಲಾಗಿ ಇಲ್ಲವೆ ಚಪ್ಪರದ ಸುತ್ತ ಕಟ್ಟಲಾಗುತ್ತದೆ.

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಜಾತ್ರೆಗಳಲ್ಲಿ ಬಟ್ಟೆಯ ಬಾವುಟಕ್ಕೆ ಅಲಂಕಾರವನ್ನು ಮೀರಿದ ಸ್ಥಾನವಿದೆ. ಹಿರಿಯೂರಿನ ತೇರುಮಲ್ಲೇಶ್ವರಸ್ವಾಮಿ ರಥೋತ್ಸವದಲ್ಲಿ ತೇರನ್ನು ಬಣ್ಣದ ಬಟ್ಟೆ, ಬಾವುಟ ಹಾಗೂ ಹೂಮಾಲೆಗಳಿಂದ ಸಿಂಗರಿಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ರಥದ ‘ಮುಕ್ತಿ ಬಾವುಟ’ವನ್ನು ಹರಾಜು ಹಾಕುವ ಪದ್ಧತಿಯಿದೆ. ಬೀದಿಯ ತೋರಣಗಳಲ್ಲಿ ಮಾತ್ರ ಬಣ್ಣದ ಕಾಗದ ಮತ್ತು ಪ್ಲಾಸ್ಟಿಕ್ ಹಾಳೆಗಳ ಬಳಕೆ ಹೆಚ್ಚಾಯಿತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ತೋರಣ, ಬಾವುಟ ಹಾಗೂ ಫ್ಲೆಕ್ಸ್‌ಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧವೂ ಪ್ಲಾಸ್ಟಿಕ್ ಬಾವುಟಗಳನ್ನು ಒಳಗೊಂಡಿದೆ. ಪಾಲಿಯೆಸ್ಟರ್ ನೋಟಕ್ಕೆ ಬಟ್ಟೆಯೇ ಆದರೂ ಮಣ್ಣಿನಲ್ಲಿ ಸುಲಭವಾಗಿ ಕೊಳೆಯದ ಕಾರಣ, ಹತ್ತಿಯ ಹಳೆಯ ಸೀರೆ, ಪಂಚೆ, ಹಾಸುಬಟ್ಟೆಗಳೇ ಈ ಕೆಲಸಕ್ಕೆ ಹೆಚ್ಚು ಸೂಕ್ತ.

ತಯಾರಿಕೆ

ಅತ್ಯಂತ ಸರಳವಾದುದು ಗಂಟಿನ ವಿಧಾನ. ನೇಯ್ದ ಹತ್ತಿ ಬಟ್ಟೆಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು ಕೈಯಿಂದ ಹರಿದರೆ, ಅದು ನೂಲಿನ ಜಾಡಿನಲ್ಲಿ ನೇರವಾಗಿ ಸೀಳುತ್ತದೆ. ಬನಿಯನ್ ಬಟ್ಟೆ ಹೀಗೆ ಸೀಳುವುದಿಲ್ಲ. ಸುಮಾರು 3 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಪಟ್ಟಿಯನ್ನು ನಡುವೆ ಮಡಿಸಿ, ಆ ಕುಣಿಕೆಯನ್ನು ದಾರದ ಹಿಂಬದಿಗೆ ಇಟ್ಟು, ಎರಡೂ ತುದಿಗಳನ್ನು ದಾರದ ಮುಂದಿನಿಂದ ಅದರೊಳಗೆ ತೂರಿಸಿ ಎಳೆದರೆ ಗಂಟು ಬಿಗಿಯುತ್ತದೆ. ನೈಲಾನ್ ದಾರದ ಮೇಲೆ ಗಂಟುಗಳು ಜಾರಿ ಒಂದೆಡೆ ಸೇರುತ್ತವೆ. ಹತ್ತಿಯ ಹುರಿಯಲ್ಲಿ ಈ ತೊಂದರೆ ಕಡಿಮೆ.

ತ್ರಿಕೋನ ಪತಾಕೆ ಬೇಕಾದಲ್ಲಿ ಬಟ್ಟೆಯನ್ನು ವಜ್ರಾಕೃತಿಯಲ್ಲಿ ಕತ್ತರಿಸಿ, ಅಗಲವಾದ ನಡುಭಾಗದಲ್ಲಿ ದಾರದ ಮೇಲೆ ಮಡಿಸಿ, ಒಳಮೈಗಳನ್ನು ಅಂಟಿಸಲಾಗುತ್ತದೆ. ಹೀಗೆ ಎರಡೂ ಕಡೆಗೆ ಬಣ್ಣ ಕಾಣುತ್ತದೆ, ದಾರವೂ ಒಳಗೆ ಸಿಕ್ಕಿಕೊಳ್ಳುತ್ತದೆ. 20 ಸೆಂ.ಮೀ. ಅಗಲದ ಪತಾಕೆಗಳನ್ನು 5 ಸೆಂ.ಮೀ. ಅಂತರದಲ್ಲಿ ಇರಿಸಿದರೆ 5 ಮೀಟರಿಗೆ 20 ಸಾಕು. ಕಟ್ಟಲು ಎರಡೂ ತುದಿಗಳಲ್ಲಿ ಅರ್ಧ ಮೀಟರ್ ಹೆಚ್ಚುವರಿ ದಾರ ಬಿಡಬೇಕು. ಮೊದಲೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆ ಮುದುಡುವುದಿಲ್ಲ. ಮೈದಾ ಅಂಟು ಒಳಾಂಗಣಕ್ಕೆ ಸಾಕಾದರೂ ಮಳೆಯಲ್ಲಿ ಬಿಟ್ಟುಕೊಳ್ಳುತ್ತದೆ. ಗಂಟಿನ ತೋರಣವನ್ನಾದರೆ ಒಗೆದು, ಒಣಗಿಸಿ, ಮತ್ತೆ ಕಟ್ಟಬಹುದು. ಅರಿಶಿನದಿಂದ ಬಣ್ಣ ಹಾಕಿದ ಬಟ್ಟೆ ಬಿಸಿಲಿಗೆ ಬೇಗ ಮಾಸುವುದರಿಂದ, ರಾಜ್ಯೋತ್ಸವದ ಹಳದಿ-ಕೆಂಪು ತೋರಣಗಳಿಗೆ ಬಣ್ಣ ಬಿಡದ ಸಿದ್ಧ ಬಟ್ಟೆಯೇ ಮೇಲು.

ಬಳಕೆಯ ನಿರ್ಬಂಧಗಳು

2002ರ ಭಾರತದ ಧ್ವಜ ಸಂಹಿತೆಯು ರಾಷ್ಟ್ರಧ್ವಜವನ್ನು ತೋರಣವಾಗಿ ಅಥವಾ ಅಲಂಕಾರದ ವಸ್ತುವಾಗಿ ಬಳಸುವುದನ್ನು ನಿಷೇಧಿಸಿದೆ. ಸ್ವಾತಂತ್ರ್ಯ ದಿನದಂದು ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಪುಟ್ಟ ತ್ರಿವರ್ಣ ಧ್ವಜಗಳ ಸಾಲು ಈ ನಿಯಮಕ್ಕೆ ಹೊಂದುವುದಿಲ್ಲ. ಆ ದಿನಕ್ಕೆ ಬಿಡಿ ಬಣ್ಣಗಳ ಪಟ್ಟಿಗಳನ್ನು ಗಂಟು ಹಾಕಿದರೆ ಧ್ವಜದ ಆಕೃತಿ ಮೂಡುವುದಿಲ್ಲ. ವಿದ್ಯುತ್ ಕಂಬಕ್ಕಾಗಲಿ ತಂತಿಗಾಗಲಿ ತೋರಣ ಕಟ್ಟುವುದು ಅಪಾಯಕರ. ತೇರು ಸಾಗುವ ಬೀದಿಯಲ್ಲಿ ಅಡ್ಡ ತೋರಣಗಳನ್ನು ರಥ ಹೊರಡುವ ಮೊದಲೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಒಂದು ತುದಿಗೆ ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕುವುದು ಅನುಕೂಲಕರ.