ನೀರಿನ ಪಕ್ಕದ ಬಾಡಿಗೆ ಮನೆ, ನೀರೊಳಗಿನ ಊರು

ನಮ್ಮ ಮೈಸೂರು ಸೀಮೇಲಿ ಹಳೇ ಮನೆಗಳು ಕೆರೆ ದಂಡೆ ಮೇಲೆ ಇರೋದು ಅಪರೂಪ. ಬೇಕಾದ್ರೆ ಯಾವ ಹಳ್ಳಿಗಾದ್ರೂ ಹೋಗಿ ನೋಡಿ. ಏರಿ ಒಂದು ಕಡೆ, ಏರಿ ಕೆಳಗೆ ಗದ್ದೆ ಬಯಲು, ಊರು ಮಾತ್ರ ದಿಬ್ಬದ ಮೇಲೆ. ಏರಿ ಒಡೆದ್ರೆ ಅನ್ನೋ ಭಯ, ಸೊಳ್ಳೆ ಕಾಟ, ಚಳಿಜ್ವರ, ಗೋಡೆಗೆ ಏರೋ ತೇವ, ಇಷ್ಟೆಲ್ಲಾ ನೋಡಿದ್ದ ಹಿರೀಕರು ನೀರಿಗೆ ಬಿಂದಿಗೆ ಹೊತ್ಕೊಂಡು ಅರ್ಧ ಮೈಲಿ ನಡೆದ್ರೂ ಸರಿ, ನೀರಿನ ಪಕ್ಕ ಮನೆ ಬೇಡ ಅಂತಿದ್ರು.

ಈಗ ಕಾಲ ತಿರುಗಿದೆ. ರಜಾ ಬಂತು ಅಂದ್ರೆ ಬೆಂಗಳೂರಿನ ನೆಂಟ್ರು ಫೋನ್ ಮಾಡಿ ಕೇಳೋದು ಒಂದೇ. "ಅಕ್ಕಾ, ನಿಮ್ಮ ಕಡೆ ಹಿನ್ನೀರಿನ ಪಕ್ಕ ಹಳೇ ಕಾಲದ ತೊಟ್ಟಿಮನೆ ಬಾಡಿಗೆಗೆ ಸಿಗುತ್ತಂತಲ್ಲ, ಎರಡು ದಿನ ಇದ್ದು ಬರೋಣ." ಸಿಗುತ್ತೆ, ಬೇಕಾದಷ್ಟು ಸಿಗುತ್ತೆ. ಆದ್ರೆ ನೀರಿನಿಂದ ದೂರ ಇರ್ತಿದ್ದ ಹಳೇ ಮನೆ ನೀರಿನ ಪಕ್ಕಕ್ಕೆ ಹೇಗೆ ಬಂತು? ಅದನ್ನ ಹುಡುಕ್ತಾ ಹೋದ್ರೆ ನಮ್ಮ ಸೀಮೆ ನೂರು ವರ್ಷದ ಚರಿತ್ರೆನೇ ಬಿಚ್ಕೊಳುತ್ತೆ.

ಮೊದಲು ಊರೊಳಗಿನ ಕೆರೆಗಳನ್ನೇ ನೋಡೋಣ. ಲಿಂಗಾಂಬುಧಿ ಕೆರೆ 1828ರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ್ದು. ಅದರ ದಂಡೆ ಮೇಲೆ ಅವತ್ತು ಎದ್ದಿದ್ದು ಮಹಾಲಿಂಗೇಶ್ವರನ ಗುಡಿ, ವಾಸದ ಮನೆ ಅಲ್ಲ. ಕುಕ್ಕರಹಳ್ಳಿ ಕೆರೆ 1864ರದ್ದು, ಅದೂ ಮುಮ್ಮಡಿಯವರದ್ದೇ. ಅಲ್ಲಿ ಕುವೆಂಪು ಅವರಂಥವರು ವಾಕಿಂಗ್ ಹೋಗಿ ಬಂದ್ರು. ನೀರಿನ ದಂಡೆ ದೇವರಿಗೆ, ಹಕ್ಕಿಗೆ, ದನಕ್ಕೆ, ನಡೆಯೋರಿಗೆ ಇತ್ತು.

ಹಾಗಾದ್ರೆ ನೀರಿನ ಹತ್ತಿರ ಯಾರೂ ತಂಗ್ತಾನೇ ಇರಲಿಲ್ವಾ ಅಂದ್ರೆ, ತಂಗ್ತಿದ್ರು, ಯಾತ್ರೆಗೆ ಹೋದಾಗ. ಮೇಲುಕೋಟೆ ಕಲ್ಯಾಣಿ ಸುತ್ತಮುತ್ತ ಎಷ್ಟು ಮಂಟಪ, ಎಷ್ಟು ಛತ್ರ ಇದೆ ನೋಡಿ. ವೈರಮುಡಿ ಉತ್ಸವಕ್ಕೆ ಹೋದ ಸಂಸಾರಗಳು ಅಲ್ಲೇ ಮೂಲೇಲಿ ಮೂರು ಕಲ್ಲು ಇಟ್ಟು ಅನ್ನ ಸಾರು ಮಾಡ್ಕೊಂಡು, ಕಲ್ಯಾಣೀಲಿ ಮುಳುಗಿ, ದೇವರ ದರ್ಶನ ಮಾಡಿ ಬರ್ತಿದ್ರು. ಛತ್ರ ಕಟ್ಟಿಸಿದೋರಿಗೆ ಪುಣ್ಯ, ಉಳ್ಕೊಂಡೋರಿಗೆ ನೆರಳು. ನಮ್ಮ ಮೈಸೂರಿನ ನಂಜರಾಜ ಬಹದ್ದೂರ್ ಛತ್ರಾನೂ ಪ್ರಯಾಣಿಕರು ತಂಗಲಿ ಅಂತ ಕಟ್ಟಿಸಿದ್ದೇ. ಈಗ ನಾವು ಅಲ್ಲಿಗೆ ಹೋಗೋದು ಸೀರೆ ಮೇಳಕ್ಕೆ, ವಸ್ತುಪ್ರದರ್ಶನಕ್ಕೆ. ಸುಮ್ಮನೆ ನೀರು ನೋಡ್ಕೊಂಡು ಕೂತ್ಕೊಳೋಕೆ ಅಂತ ದುಡ್ಡು ಕೊಟ್ಟು ಮನೆ ಹಿಡಿಯೋದು ಆಗಿನ ಸಂಸಾರಸ್ಥರಿಗೆ ಹೊಳೀತಾನೇ ಇರಲಿಲ್ಲ.

ಹೊರದೇಶಗಳಲ್ಲಿ ಇದು ಬೇರೆ ಥರ. ಫಿನ್‌ಲ್ಯಾಂಡಲ್ಲಿ ಸರೋವರದ ದಂಡೇಲಿ, ಕಾಡಿನ ಅಂಚಲ್ಲಿ ಮರದ ಸಣ್ಣ ಮನೆ ಇಟ್ಕೊಂಡು ಬೇಸಿಗೆಗೆ ಹೋಗೋದು ದೊಡ್ಡ ರೂಢಿ. ಇಡೀ ದೇಶದಲ್ಲಿ ಅಂಥ ಬೇಸಿಗೆ ಮನೆಗಳು ಸುಮಾರು 5 ಲಕ್ಷ ಇವೆ. ಅಜ್ಜನ ಮನೆ ಮೊಮ್ಮಗನಿಗೆ ಬರುತ್ತೆ, ಬೇಡದಾಗ ಬಾಡಿಗೆಗೂ ಕೊಡ್ತಾರೆ. ಅಲ್ಲಿನ ಸರೋವರಗಳು ಸಾವಿರಾರು ವರ್ಷದ ಹಿಂದೆ ಹಿಮ ಕರಗಿ ಆದವು, ಅದಕ್ಕೇ ನೀರೂ ಹಳೇದು, ಮನೆನೂ ಹಳೇದು. ನಮ್ಮಲ್ಲಿ ಹಾಗಲ್ಲ. ನಾವು ಹಿನ್ನೀರು ಅಂತ ಕರೆಯೋದು ನಮ್ಮ ಅಜ್ಜ ಮುತ್ತಜ್ಜಂದಿರು ಕಣ್ಣಾರೆ ನೋಡ್ತಿದ್ದ ಹಾಗೇ ತುಂಬಿದ ನೀರು.

ಕೃಷ್ಣರಾಜಸಾಗರದ ಕೆಲಸ ಶುರುವಾಗಿದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರು, ಮಾರನೇ ವರ್ಷ ದಿವಾನರಾದ್ರು. ಸಿಮೆಂಟಿಲ್ಲದೆ ಸುರ್ಕಿ ಗಾರೇಲಿ ಕಟ್ಟಿದ ಕಟ್ಟೆ. ಮುಗಿಯೋ ಹೊತ್ತಿಗೆ 1932 ಆಗಿತ್ತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಸೇರೋ ಜಾಗ. ಪೂರ್ತಿ ತುಂಬಿದ್ರೆ 124.80 ಅಡಿ, 49 ಟಿಎಂಸಿ ಮೇಲೆ ನೀರು. ಮಂಡ್ಯದ ಗದ್ದೆ ಹಸಿರಾಗಿದ್ದು, ಕಬ್ಬು ಬಂದಿದ್ದು, ಸಕ್ಕರೆ ಕಾರ್ಖಾನೆ ಎದ್ದಿದ್ದು ಇದರಿಂದಲೇ. ನಮ್ಮ ಮೈಸೂರಿನ ನಲ್ಲಿಗಳಿಗೆ ಬರೋ ನೀರೂ ಕಾವೇರಿ ಕಬಿನಿಯದ್ದೇ. ಆ ಕಟ್ಟೆ ಕಟ್ಟಬಾರದಿತ್ತು ಅಂತ ನಾನಂತೂ ಹೇಳಲ್ಲ. ದಿನಾ ಬೆಳಗ್ಗೆ ಆ ನೀರಲ್ಲೇ ಕಾಫಿ ಕಾಸೋಳು ನಾನು.

ಆದ್ರೆ ಆ ನೀರಡಿ ಊರುಗಳು ಹೋದವು. ಅದರಲ್ಲಿ ಹೆಸರುವಾಸಿ ಕನ್ನಂಬಾಡಿ. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ಇದ್ದ ಊರು. ಊರಿನ ಜನ ಎದ್ದು ಹೋಗಿ ಹೊಸ ಕನ್ನಂಬಾಡಿ ಕಟ್ಕೊಂಡ್ರು. ದೇವಸ್ಥಾನದ ಕಲ್ಲುಕಟ್ಟಡ ಮಾತ್ರ ಅಲ್ಲೇ ಮುಳುಗಿ ಕೂತ್ಕೊಂಡಿತು. ಬರಗಾಲದಲ್ಲಿ ನೀರಿಳಿದಾಗ ಕಾಣಿಸ್ಕೊಳ್ಳೋದು, ಮಳೆ ಬಂದ್ರೆ ಮತ್ತೆ ಮುಳುಗೋದು. ಆಮೇಲೆ ನಮ್ಮ ಕಾಲದಲ್ಲಿ ಖೋಡೆ ಫೌಂಡೇಶನ್‌ನವರು ಒಂದೊಂದು ಕಲ್ಲನ್ನೂ ಬಿಚ್ಚಿ ತಂದು ದಂಡೆ ಮೇಲೆ ಮತ್ತೆ ಜೋಡಿಸಿದ್ರು. ಈಗ ನಾವು ಫೋಟೋ ತೆಗೆಸ್ಕೊಳೋ ದೇವಸ್ಥಾನ ಅದೇ. ದೇವರ ಮನೆ ಮೇಲೆ ಬಂತು, ಜನಗಳ ಮನೆಗಳು ಮೇಲೆ ಬರಲಿಲ್ಲ.

ನೀರು ಬಂದ ಮೇಲೆ ನೋಡೋರೂ ಬಂದ್ರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ತೋಟದ ಮಾದರೀಲಿ ಬೃಂದಾವನ ಮಾಡಿಸಿದ್ರು, ಪಕ್ಕದಲ್ಲಿ ಹೋಟೆಲೂ ಎದ್ದಿತು. ಆದ್ರೆ ನಮ್ಮಂಥ ಸಂಸಾರಸ್ಥರು ಬುತ್ತಿ ಕಟ್ಕೊಂಡು ಹೋಗಿ, ಸಂಜೆ ಕಾರಂಜಿ ದೀಪ ನೋಡ್ಕೊಂಡು, ಕೊನೇ ಬಸ್ಸಿಗೆ ವಾಪಸ್ ಬರೋರು. ರಾತ್ರಿ ಉಳ್ಕೊಳ್ಳೋದು ಅಂದ್ರೆ ಸರ್ಕಾರದ ಟಿ.ಬಿ., ಐ.ಬಿ. ಅದಕ್ಕೆ ಯಾರಾದ್ರೂ ಆಫೀಸರ್ ಪರಿಚಯ ಇರಬೇಕಿತ್ತು.

ಇನ್ನೊಂದು ಹಿನ್ನೀರು ಎಚ್.ಡಿ. ಕೋಟೆ ಕಡೆ ಕಬಿನಿಯದ್ದು. ಅದು ಇನ್ನೂ ಚಿಕ್ಕ ವಯಸ್ಸಿಂದು, 1974ರಲ್ಲಿ ಆಗಿದ್ದು. ಅದರಡಿ ಹೋಗಿದ್ದು ಕಾಕನಕೋಟೆಯ ಕಾಡು. ಮಾಸ್ತಿಯವರ 'ಕಾಕನಕೋಟೆ' ನಾಟಕ ಇದೆಯಲ್ಲ, ಸಿ.ಆರ್. ಸಿಂಹ ಸಿನಿಮಾನೂ ಮಾಡಿದ್ರು, ಅದೇ ಸೀಮೆ. ಮಹಾರಾಜರ ಕಾಲದಲ್ಲಿ ಅಲ್ಲಿ ಖೆಡ್ಡಾ ಮಾಡಿ ಆನೆ ಹಿಡೀತಿದ್ರು. ಕೊನೇ ಖೆಡ್ಡಾ ಆಗಿದ್ದು 1971ರಲ್ಲಿ. ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆ ಇತ್ತು. 1980ರಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಶುರುವಾಗಿ, ಆ ಬಂಗಲೆ ದುಡ್ಡು ಕೊಟ್ಟೋರಿಗೆ ಉಳ್ಕೊಳ್ಳೋ ಜಾಗ ಆಯ್ತು. ನಮ್ಮ ಕಡೆ ಹಿನ್ನೀರಿನ ಪಕ್ಕ ನಿಜವಾಗ್ಲೂ ಹಳೇ ಕಟ್ಟಡ ಅಂದ್ರೆ ಇಂಥ ಅರಮನೆಯೋರದ್ದೇ. ಅದೇ ಕಾಡಲ್ಲಿದ್ದ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು ಯಾವ ಬಾಡಿಗೆ ಪಟ್ಟೀಲೂ ಇಲ್ಲ. ಬೇಸಿಗೇಲಿ ನೀರು ತಗ್ಗಿದಾಗ ಒಣಗಿದ ಮರದ ಬೊಡ್ಡೆಗಳು ನೀರಲ್ಲಿ ನಿಂತಿರ್ತವೆ, ಕಾಡಿನ ಗುರುತು ಅಷ್ಟೇ.

ಈಗ ಇಲವಾಲದ ಆಚೆ ಮೀನಾಕ್ಷಿಪುರ, ಸಾಗರಕಟ್ಟೆ ಕಡೆ ಹೋದ್ರೆ ಹಿನ್ನೀರು ನೋಡೋಕೆ ಬಂದೋರ ಕಾರುಗಳೇ ಕಾರುಗಳು. ಹೋದ ವರ್ಷ ನಾವೂ ಮನೆಮಂದಿ ಎಂಟು ಜನ ಸೇರಿ ಒಂದು ಹಿನ್ನೀರಿನ ಮನೇನ ಎರಡು ದಿನಕ್ಕೆ ಹಿಡಿದ್ವಿ. ಕೆಂಪು ನೆಲ, ನಡುವೆ ತೊಟ್ಟಿ, ಸುತ್ತ ಮರದ ಕಂಬ, ಚೆನ್ನಾಗೇ ಇತ್ತು. ಕಂಬ ಎಲ್ಲಿಯದು ಅಂತ ಕೇಳ್ದೆ. ಬೇರೆ ಊರಲ್ಲಿ ಕೆಡವಿದ ಮನೆಗಳಿಂದ ಕೊಂಡು ತಂದು ನಿಲ್ಸಿದ್ದಂತೆ. ಅಡುಗೆಗೆ ಬರ್ತಿದ್ದ ಹೆಂಗಸು ರೊಟ್ಟಿ ತಟ್ಟುತ್ತಾ ಹೇಳಿದ್ರು, "ನಮ್ಮ ಯಜಮಾನ್ರ ಅಜ್ಜಂದಿರ ಊರು ಈ ನೀರೊಳಗೇ ಅದೆ ಕಣವ್ವ. ಬ್ಯಾಸ್ಗೇಲಿ ನೀರಿಳಿದಾಗ ಬಂದ್ರೆ ಗ್ವಾಡೆ ಕಲ್ಲು ಕಾಣ್ತವೆ. ಅತ್ತೆ ಇರೋಗಂಟ ವರ್ಸಕ್ಕೊಂದು ಸತಿ ಹೋಗಿ ಅಲ್ಲೇ ಹಣ್ಣು ಕಾಯಿ ಮಾಡೋರು." ಆ ಮಾತು ಕೇಳಿದ ಮೇಲೆ ಜಗಲೀಲಿ ಕೂತು ನೀರು ನೋಡೋದೇ ಬೇರೆ ಥರ ಆಯ್ತು. ಸಾಂಪ್ರದಾಯಿಕ ಮನೆ ಅಂತ ನಾವು ದುಡ್ಡು ಕೊಟ್ಟಿದ್ವಿ. ಆ ಜಾಗದ ನಿಜವಾದ ಹಳೇ ಮನೆಗಳು ಎದುರಿಗೆ ನೀರಡಿ ಇದ್ದವು.

ಹಾಗಂತ ಹೋಗಬೇಡಿ ಅನ್ನಲ್ಲ. ಆ ಹೆಂಗಸಿಗೆ ಸಂಬಳ ಬರೋದೂ ನಾವು ಹೋಗೋದ್ರಿಂದಲೇ. ಹೋಗೋರು ಒಂದೆರಡು ವಿಷಯ ತಿಳ್ಕೊಂಡು ಹೋಗಿ. ಪೇಪರಲ್ಲಿ ದಿನಾ ಬರೋ ಕೆಆರ್‌ಎಸ್ ಅಡಿ ಲೆಕ್ಕ ನೋಡ್ಕೊಳ್ಳಿ. ತುಂಬಿದ್ರೆ ನೀರು ಅಂಗಳದ ಹತ್ತಿರ, ಬೇಸಿಗೇಲಾದ್ರೆ ಎಷ್ಟೋ ದೂರ ಹಿಂದಕ್ಕೆ ಹೋಗಿ ಬರೀ ಮಣ್ಣು ಕಾಣುತ್ತೆ. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಹಸಿ ಗೋಡು, ಕಾಲು ಹೂತ್ಕೊಳ್ಳುತ್ತೆ. ಹಳೇ ಬಾವಿ, ಗುಂಡಿ ಎಲ್ಲೆಲ್ಲಿದ್ದಾವೋ ಕಾಣಲ್ಲ, ಮಕ್ಕಳನ್ನ ನೀರಿಗೆ ಇಳಿಸಲೇಬೇಡಿ. ರಾತ್ರಿ ಜೋರಾಗಿ ಹಾಡು ಹಾಕಬೇಡಿ, ಹಕ್ಕಿಗಳೂ ಮೀನು ಹಿಡಿಯೋರೂ ಅಲ್ಲೇ ಬದುಕೋರು. ತಿಂದ ಎಲೆ, ಪ್ಲಾಸ್ಟಿಕ್ ನೀರಿಗೆ ಎಸೀಬೇಡಿ, ಅದೇ ನೀರು ನಾಳೆ ಯಾರದೋ ಬಿಂದಿಗೆಗೆ ಬರುತ್ತೆ. ಎಲ್ಲಕ್ಕಿಂತ ಮೊದಲು, ಅಡುಗೆಯವರನ್ನೋ ದೋಣಿಯವರನ್ನೋ ಕೂರಿಸ್ಕೊಂಡು, ಇಲ್ಲಿ ಮುಂಚೆ ಯಾವ ಊರಿತ್ತು ಅಂತ ಒಂದು ಮಾತು ಕೇಳಿ. ಆ ಹೆಸರು ಗೊತ್ತಿರೋರು ವರ್ಷ ವರ್ಷ ಕಮ್ಮಿ ಆಗ್ತಿದ್ದಾರೆ.

ಸರ್ಕಾರದ ಕಾಗದದಲ್ಲಿ ಅದು ಕೃಷ್ಣರಾಜಸಾಗರ. ಆದ್ರೆ ಮಂಡ್ಯ ಮೈಸೂರಿನ ಹಳಬರ ಬಾಯಲ್ಲಿ ಇವತ್ತಿಗೂ ಅದು ಕನ್ನಂಬಾಡಿ ಕಟ್ಟೆ. ಮುಳುಗಿದ ಊರಿನ ಹೆಸರನ್ನೇ ಮುಳುಗಿಸಿದ ಕಟ್ಟೆಗೆ ಇಟ್ಟು ಜನ ಉಳಿಸ್ಕೊಂಡಿದ್ದಾರೆ. ಬೇರೆ ಹಳ್ಳಿಗಳಿಗೆ ಅಷ್ಟೂ ಸಿಗಲಿಲ್ಲ. ನಿಮ್ಮ ಬಾಡಿಗೆ ಮನೆ ಎದುರಿಗಿನ ನೀರಿಗೂ ಅಂಥದ್ದೊಂದು ಹೆಸರು ಇದ್ದೇ ಇರುತ್ತೆ, ಕೇಳ್ಕೊಂಡು ಬಂದು ಮಕ್ಕಳಿಗೆ ಹೇಳಿ.