ರೇಷ್ಮೆ ಮನೆಯ ಮೂವರು ತಾಯಂದಿರು

1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳುಗಳನ್ನು ಶ್ರೀರಂಗಪಟ್ಟಣಕ್ಕೆ ತರಿಸಲು ಏರ್ಪಾಡು ಮಾಡಿದನು. ಇಂದು ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯೂ ಈ ಹುಳುಗಳು ತಿನ್ನುವ ಹಿಪ್ಪುನೇರಳೆಯ ತೋಟಗಳಿವೆ.

ರೇಷ್ಮೆ ಚಿಟ್ಟೆಗೆ ಹಾರಲು ಬಾರದು, ಅದು ಏನನ್ನೂ ತಿನ್ನುವುದೂ ಇಲ್ಲ. ಹೆಣ್ಣು ಚಿಟ್ಟೆ ಗೂಡಿನಿಂದ ಹೊರಬಂದು, ಗಂಡಿನೊಡನೆ ಕೂಡಿ, ಸುಮಾರು 400ರಿಂದ 500 ಮೊಟ್ಟೆಗಳನ್ನಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಮರಿಗಳನ್ನು ಕಾಣದೆ ಹೋಗುವ ಈ ಮೊದಲ ತಾಯಿಯ ಬದಲು ಆರೈಕೆ ಹೊರುವವರು ಮನುಷ್ಯರು. ಚಾಕಿ ಹುಳುಗಳಿಗೆ, ಅಂದರೆ ಎಳೆಯ ಮರಿಗಳಿಗೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಹಾಸಿಗೆ ಬದಲಿಸಬೇಕು, ಬಿಸಿಲು ಚಳಿ ನೋಡಿಕೊಳ್ಳಬೇಕು, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡಬೇಕು. ಇದರಲ್ಲಿ ಮನೆಯ ಹೆಂಗಸರ ದುಡಿಮೆ ದೊಡ್ಡದು. ಅದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ.

ರೇಷ್ಮೆ ಹುಳುಗಳನ್ನು ಕಾಡುವ ಪೆಬ್ರಿನ್ ರೋಗ ಮೊಟ್ಟೆಯ ಮೂಲಕವೇ ತಾಯಿಯಿಂದ ಮರಿಗೆ ದಾಟುತ್ತದೆ. ಆದ್ದರಿಂದ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಕ್ರಮವಿದು. ಸೋಂಕು ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡುತ್ತಾರೆ.

ಎರಡನೆಯ ತಾಯಿ ಊಜಿ ನೊಣ. ಕರ್ನಾಟಕಕ್ಕೆ ಇದು ಬಂದದ್ದು 1980ರಲ್ಲಿ. ಬೆಳೆದ ರೇಷ್ಮೆ ಹುಳುವಿನ ಮೈಮೇಲೆಯೇ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ಹುಳುವಿನ ದೇಹವೇ ಅದಕ್ಕೆ ತೊಟ್ಟಿಲೂ ಊಟವೂ ಆಗುತ್ತದೆ. ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು ಈ ನೊಣವನ್ನು ತಡೆಯಲೆಂದೇ.

ಮೂರನೆಯ ತಾಯಿ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ. ಇದು ಊಜಿಯ ಕೋಶವನ್ನು ಹುಡುಕಿ, ತೂತು ಕೊರೆದು, ಒಳಗೆ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಊಜಿಯನ್ನು ತಿಂದು ಬೆಳೆಯುತ್ತವೆ. ಬೆಳೆಗಾರರು ಈ ಕಣಜಗಳನ್ನು ತಂದು ಹುಳು ಮನೆಯಲ್ಲಿ ಬಿಡುತ್ತಾರೆ.