ಚಳಿಗಾಲದ ಅತಿಥಿಗಳು: ಕೆಂಗೇರಿ, ಉಲ್ಲಾಳ, ಮಲ್ಲತ್ತಹಳ್ಳಿ ಕೆರೆಯಲ್ಲಿ ಅಪರೂಪದ ಬಾತು, ಕಡಲಕ್ಕಿ ಹುಡುಕೋದು ಹೇಗೆ?

ಬೆಂಗಳೂರು: ಬೆಳಿಗ್ಗೆ ವಾಕಿಂಗ್ ಹೋದಾಗ ಕೆರೆಯಲ್ಲಿ ಕಪ್ಪು ಮೈ, ಬಿಳಿ ಹಣೆಯ ಹಕ್ಕಿಗಳ ಗುಂಪು ಕಂಡ್ರೆ "ಬಾತುಕೋಳಿ ಬಂದಿವೆ" ಅಂತ ಮುಂದೆ ಹೋಗ್ತೀವಿ. ಅದು ಬಾತು ಅಲ್ಲ, ನಾಮದ ಕೋಳಿ. ನಿಜವಾದ ವಲಸೆ ಬಾತು ಅದೇ ಗುಂಪಿನ ಅಂಚಿನಲ್ಲಿ ಸದ್ದಿಲ್ಲದೆ ಮೇಯುತ್ತಾ ಇರಬಹುದು. ಕೆಂಗೇರಿ, ಉಲ್ಲಾಳ, ಮಲ್ಲತ್ತಹಳ್ಳಿ, ಹೇರೋಹಳ್ಳಿ ಕೆರೆ ಹತ್ತಿರ ಇರೋರಿಗಾಗಿ ಈ ಮಾಹಿತಿ.

ಯಾವಾಗ ಬರುತ್ತವೆ?

ನವೆಂಬರ್‌ನಿಂದ ಮಾರ್ಚ್‌ವರೆಗೆ. ಉತ್ತರದ ದೇಶಗಳಲ್ಲಿ ಕೆರೆ ಹೆಪ್ಪುಗಟ್ಟಿದಾಗ ಮೇವು ಹುಡುಕಿ ದಕ್ಷಿಣಕ್ಕೆ ಇಳಿಯುತ್ತವೆ. ನೋಡೋಕೆ ಬೆಳಿಗ್ಗೆ 6.30ರಿಂದ 8.30 ಒಳ್ಳೆ ಹೊತ್ತು. ಪೂರ್ವ ದಂಡೆಯಲ್ಲಿ ನಿಂತ್ರೆ ಸೂರ್ಯ ಬೆನ್ನಿಗಿರ್ತಾನೆ, ಬಣ್ಣ ಸರಿಯಾಗಿ ಕಾಣುತ್ತೆ.

ಗುರುತು ಹಿಡಿಯೋದು

* ಚಲುಕ ಬಾತು: ಸೌಟಿನಂಥ ಅಗಲ ಕೊಕ್ಕು. ನೀರನ್ನು ಜಾಲಿಸುತ್ತಾ ಸಾಗುತ್ತೆ.
* ಸೂಜಿಬಾಲದ ಬಾತು: ಉದ್ದ ಕತ್ತು, ಗಂಡಿಗೆ ಚೂಪು ಬಾಲ. ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯುತ್ತೆ.
* ಬಿಳಿಹುಬ್ಬಿನ ಬಾತು: ಸಣ್ಣ ಗಾತ್ರ. ಡಿಸೆಂಬರ್‌ನಲ್ಲಿ ಗಂಡು ಹೆಣ್ಣು ಒಂದೇ ತರ ಕಾಣಬಹುದು. ಫೆಬ್ರುವರಿ ಹೊತ್ತಿಗೆ ಗಂಡಿನ ಬಿಳಿ ಹುಬ್ಬು ಎದ್ದು ಕಾಣುತ್ತೆ.
* ಪಟ್ಟೆತಲೆ ಹೆಬ್ಬಾತು: ಬಿಳಿ ತಲೆ ಹಿಂದೆ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟಿ ಬರೋ ಹಕ್ಕಿ. ದೊಡ್ಡ ಗುಂಪು ನೋಡಬೇಕಂದ್ರೆ ಮಾಗಡಿ ಕೆರೆಗೆ ಹೋಗಬೇಕು. ಅದು ನಮ್ಮ ಮಾಗಡಿ ರಸ್ತೆಯ ಮಾಗಡಿ ಅಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. 2024ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆ ಸಿಕ್ಕಿದೆ.

ಕಡಲಕ್ಕಿ ಬರುತ್ತಾ?

ಕಡಲಕ್ಕಿಗಳ ಜಾಗ ಕಾರವಾರ, ಮಲ್ಪೆ ಕಡೆಯ ಕರಾವಳಿ. ಬೆಂಗಳೂರಿನ ಕೆರೆಗೆ ಬಂದ್ರೆ ಅಪರೂಪ, ಅದಕ್ಕೇ ಹಕ್ಕಿಪ್ರಿಯರಿಗೆ ಅದು ದೊಡ್ಡ ಸುದ್ದಿ. ಆದ್ರೆ ಜನ ಕಡಲಕ್ಕಿ ಅಂದುಕೊಳ್ಳೋದು ಹೆಚ್ಚಾಗಿ ರೀವ ಹಕ್ಕಿಯನ್ನ. ರೀವ ತೆಳ್ಳಗೆ, ಹಗುರವಾಗಿ ಹಾರುತ್ತೆ, ನೀರಿನ ಮೇಲೆ ಕೂರೋದು ಕಮ್ಮಿ. ಕಡಲಕ್ಕಿ ದಪ್ಪ ಮೈ, ಬಾತಿನ ಹಾಗೆ ತೇಲುತ್ತೆ. ಕಂದುತಲೆ ಕಡಲಕ್ಕಿಗೆ ಚಳಿಗಾಲದಲ್ಲಿ ತಲೆ ಕಂದು ಇರಲ್ಲ. ಕಣ್ಣಿನ ಹಿಂದೆ ಕಪ್ಪು ಚುಕ್ಕೆ, ಕೆಂಪು ಕಾಲು, ಕಪ್ಪು ರೆಕ್ಕೆ ತುದಿಯಲ್ಲಿ ಬಿಳಿ ಮಚ್ಚೆ ನೋಡಿ.

ಕೆರೆ ಆಳವಾದ್ರೆ ಬಾತಿಗೆ ಜಾಗ ಇಲ್ಲ

ಧರ್ಮಾಂಬುಧಿ ಕೆರೆ ಇದ್ದ ಜಾಗ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ. ಉಳಿದ ಕೆರೆಗಳ ಚಿಂತೆ ಬೇರೆ. ಈ ಬಾತುಗಳು ಮುಳುಗಿ ಮೇಯಲ್ಲ, ಮೊಣಕಾಲುದ್ದದ ನೀರು, ಕೆಸರು, ಜೊಂಡು ಬೇಕು. ಅಭಿವೃದ್ಧಿ ಅಂತ ಹೂಳೆತ್ತಿ, ಸುತ್ತ ನೆಟ್ಟಗೆ ಕಲ್ಲು ಕಟ್ಟಿ ಬಟ್ಟಲು ಮಾಡಿದ್ರೆ ನೀರು ತುಂಬುತ್ತೆ, ಬಾತು ಬರಲ್ಲ. ಒಂದು ಬದಿಯಾದ್ರೂ ಇಳಿಜಾರು ದಂಡೆ ಬಿಟ್ರೆ ವಾಕಿಂಗ್ ಪಾತ್ ಕೂಡ ಇರುತ್ತೆ, ಹಕ್ಕಿಯೂ ಇರುತ್ತೆ.

ಇಂಥ ಬೇಡಿಕೆ ಇಡೋಕೆ ಲೆಕ್ಕ ಬೇಕು. ಏಷ್ಯಾ ಮಟ್ಟದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಅಲ್ಲದೆ ಯಾವ ದಿನ ಬೇಕಾದ್ರೂ ಇ-ಬರ್ಡ್ ಆ್ಯಪ್‌ನಲ್ಲಿ ಕೆರೆ ಹೆಸರು, ಹೊತ್ತು, ಎಷ್ಟು ಹಕ್ಕಿ ಅಂತ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಅಪರೂಪದ್ದು ಕಂಡ್ರೆ ಮೊಬೈಲ್ ಫೋಟೊ ಮಸುಕಾಗಿದ್ರೂ ಸೇರಿಸಿ. "ಈ ಕೆರೆಗೆ ಇಷ್ಟು ಬಾತು ಬರ್ತಿತ್ತು" ಅಂತ ಹೇಳೋಕೆ ನಾಳೆ ಅದೇ ಸಾಕ್ಷಿ.

ನೆನಪಿರಲಿ

* ಬ್ರೆಡ್, ಕುರುಕಲು ಹಾಕಬೇಡಿ. ಗೇಟಿನ ಬಳಿ ಅಂಗಡಿ ಇಟ್ಟವರು ಗಿರಾಕಿಗೆ ಒಂದು ಮಾತು ಹೇಳಿದ್ರೆ ಸಾಕು.
* ಗಾಳಿಪಟದ ದಾರ, ಮೀನಿನ ಗಾಳದ ದಾರ ಕಂಡ್ರೆ ಸುತ್ತಿ ಕಸದ ಬುಟ್ಟಿಗೆ ಹಾಕಿ. ಹಕ್ಕಿ ಕಾಲಿಗೆ ಸಿಕ್ಕಿಕೊಳ್ಳುತ್ತೆ.
* ಫೋಟೊಗೋಸ್ಕರ ಹಕ್ಕಿ ಎಬ್ಬಿಸಬೇಡಿ.
* ಕಾಡು ಬಾತು ಹಿಡಿಯೋದು, ಕೊಲ್ಲೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.